ಮಳೆಗಾಲದ ಘಾಟಿಯಲ್ಲಿ ಕಾರು ಜಾರದಂತೆ ಓಡಿಸುವುದು ಹೇಗೆ?

ಶಿರಾಡಿ, ಚಾರ್ಮಾಡಿ, ಆಗುಂಬೆ, ಸಂಪಾಜೆ, ದೇವಿಮನೆ. ಜೂನ್ ಬಂತೆಂದರೆ ಈ ಘಾಟಿಗಳ ಒಂದಲ್ಲ ಒಂದು ತಿರುವಿನಲ್ಲಿ ಚರಂಡಿಗೆ ಇಳಿದ ಕಾರೋ, ತಡೆಗೋಡೆಗೆ ಮೂತಿ ಒರಗಿಸಿ ನಿಂತ ಕಾರೋ ಕಾಣಸಿಗುವುದು ಹೊಸತೇನಲ್ಲ. ಪಕ್ಕದಲ್ಲಿ ಕೊಡೆ ಹಿಡಿದು ನಿಂತವರನ್ನು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಗೊತ್ತೇ ಆಗ್ಲಿಲ್ಲ ಮಾರಾಯ್ರೆ, ಬ್ರೇಕ್ ಹಾಕಿದ್ದೇ ತಡ, ಗಾಡಿ ಸ್ಕಿಡ್ ಆಯ್ತು." ಅವರು ಸುಳ್ಳು ಹೇಳುತ್ತಿಲ್ಲ. ಬ್ರೇಕ್ ಹಾಕಿದ ಜಾಗ ಮಾತ್ರ ತಪ್ಪು. ತಿರುವಿನೊಳಗೆ ಹಾಕಿದ ಆ ಬ್ರೇಕನ್ನು ಮೂವತ್ತು ನಲವತ್ತು ಮೀಟರ್ ಹಿಂದೆಯೇ ಹಾಕಿದ್ದರೆ ಅಷ್ಟು ಹೊತ್ತಿಗೆ ಉಜಿರೆಯಲ್ಲೋ ಸುಳ್ಯದಲ್ಲೋ ಕಾಫಿ ಕುಡಿಯುತ್ತಿರುತ್ತಿದ್ದರು.

ಜಾರುತ್ತಿರುವ ಕಾರನ್ನು ಹಿಡಿದು ನಿಲ್ಲಿಸುವ ವಿದ್ಯೆಯನ್ನೂ ಮುಂದೆ ಹೇಳಿದ್ದೇನೆ. ಆದರೆ ನಮ್ಮ ಘಾಟಿಗಳು ಅಗಲದಲ್ಲಿ ಎಷ್ಟು ಕಿರಿದೆಂದರೆ, ಆ ವಿದ್ಯೆ ತೋರಿಸಲು ಜಾಗವೇ ಸಿಗುವುದಿಲ್ಲ. ಹಾಗಾಗಿ ಹೆಚ್ಚಿನ ಮಾತು ಜಾರುವ ಮೊದಲಿನದು.

ಟೈರಿನ ಹಿಡಿತದ ಲೆಕ್ಕ

ಕಾರಿನ ಒಂದೊಂದು ಟೈರು ನೆಲಕ್ಕೆ ತಾಗುವುದು ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ. ಒಂದು ಟನ್ನಿಗೂ ಹೆಚ್ಚು ತೂಕದ ವಾಹನವನ್ನು ರಸ್ತೆಗೆ ಹಿಡಿದಿಡುವುದು ಅಂಥ ನಾಲ್ಕು ಅಂಗೈಗಳು ಮಾತ್ರ. ವೇಗ ಕೂಡಿಸುವುದು, ನಿಲ್ಲಿಸುವುದು, ತಿರುಗಿಸುವುದು ಈ ಮೂರೂ ಕೆಲಸಕ್ಕೆ ಇರುವುದು ಅದೊಂದೇ ಹಿಡಿತ. ಅರ್ಧ ಹಿಡಿತವನ್ನು ಬ್ರೇಕಿಗೆ ಕೊಟ್ಟರೆ ತಿರುಗಲು ಅಷ್ಟು ಕಡಿಮೆಯಾಯಿತು. ಪೂರ್ತಿ ಬ್ರೇಕಿಗೇ ಕೊಟ್ಟರೆ ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತದೆ.

ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಹಿಡಿತದ ಅಳತೆಯಾದ ಘರ್ಷಣಾಂಕ 0.7ರ ಆಸುಪಾಸು ಎಂದಿಟ್ಟುಕೊಂಡರೆ, ಒದ್ದೆ ರಸ್ತೆಯಲ್ಲಿ ಅದು 0.4ರ ಹತ್ತಿರಕ್ಕೆ ಇಳಿಯಬಹುದು. ಗಂಟೆಗೆ 60 ಕಿ.ಮೀ. ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರಿಗೆ ನಿಂತರೆ, ಒದ್ದೆಯಲ್ಲಿ 35 ಮೀಟರ್ ಬೇಕು. ಕಣ್ಣು ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲಿ ಕಾರು ಆಗಲೇ 25 ಮೀಟರ್ ಓಡಿರುತ್ತದೆ, ಅದನ್ನೂ ಕೂಡಿಸಿ. ಅಂದರೆ 60 ಮೀಟರ್. ಇದೆಲ್ಲ ಸಮತಟ್ಟು ರಸ್ತೆಯ ಲೆಕ್ಕ; ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಮಂಜು ಕವಿದ ಚಾರ್ಮಾಡಿಯಲ್ಲಿ ಎಷ್ಟೋ ಸಲ 30 ಮೀಟರ್ ಆಚೆಗೆ ಏನೂ ಕಾಣುವುದಿಲ್ಲ. ನಿಮಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲಾಗದ ವೇಗ ಯಾವುದೇ ಇರಲಿ, ಅದು ಅತಿವೇಗವೇ. ಫಲಕದ ಮೇಲೆ ಏನೇ ಬರೆದಿರಲಿ.

ಹೊರಡುವ ಹಿಂದಿನ ದಿನ

ಮೊದಲು ಟೈರು ನೋಡಿ. ನಮ್ಮಲ್ಲಿ ಕಾನೂನು ಕೇಳುವ ಟೈರಿನ ಮೈಮೇಲಿನ ಗೀರುಗಳ (ಟ್ರೆಡ್) ಕನಿಷ್ಠ ಆಳ 1.6 ಮಿಲಿಮೀಟರ್. ಈ ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡಕ್ಕೆ ಪುಟ್ಟ ರಬ್ಬರ್ ದಿಬ್ಬಗಳಿರುತ್ತವೆ. ಟೈರಿನ ಮೈ ಸವೆದು ಆ ದಿಬ್ಬದ ಮಟ್ಟಕ್ಕೆ ಬಂತೆಂದರೆ ಅದರ ಆಯುಷ್ಯ ಮುಗಿಯಿತು. ಆದರೆ ಅಲ್ಲಿಯವರೆಗೆ ಕಾಯುವುದು ಬಯಲುಸೀಮೆಯ ಒಣ ರಸ್ತೆಗೆ ಸರಿ, ಮಲೆನಾಡಿನ ಮಳೆಗಲ್ಲ. ಗೀರುಗಳು ಇರುವುದೇ ಟೈರಿನಡಿಯ ನೀರನ್ನು ಹೊರಗೆ ತಳ್ಳಲು. ಆಳ 3 ಮಿಲಿಮೀಟರಿಗೆ ಇಳಿದರೆ ಮುಂಗಾರಿಗೆ ಮೊದಲೇ ಬದಲಿಸಿಬಿಡಿ. ಹತ್ತು ಸಾವಿರ ಕಿಲೋಮೀಟರ್ ಇನ್ನೂ ಓಡುತ್ತಿತ್ತು ಎಂಬ ಸಂಕಟ ಯಾರಿಗೂ ಆಗುತ್ತದೆ, ಒಂದು ಬಂಪರ್ ಮತ್ತು ಹೆಡ್‌ಲೈಟಿನ ಬಿಲ್ಲು ನೋಡಿದವರಿಗೆ ಆಗುವುದಿಲ್ಲ.

ಗೀರು ಚೆನ್ನಾಗಿದ್ದರೂ ಹಳೆಯ ಟೈರು ಗಟ್ಟಿಯಾಗಿ ಒದ್ದೆಯಲ್ಲಿ ಜಾರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಎಂದಿದ್ದರೆ ಅದು 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡುವ ಕಾರುಗಳಲ್ಲಿ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಂಡ ಕಾರಿನಲ್ಲಿ ಈ ಅಂಕಿ ನೋಡುವುದು ಒಳ್ಳೆಯದು. ಎರಡೇ ಟೈರು ಹೊಸದು ಹಾಕಿಸುವುದಾದರೆ ಅವನ್ನು ಹಿಂದೆ ಹಾಕಿಸಿ. ಅಂಗಡಿಯವರು ಮುಂದೆ ಹಾಕೋಣ ಎನ್ನಬಹುದು, ಮುಂದಿನ ಚಕ್ರವೇ ಎಳೆಯುವ ಕಾರಲ್ಲವೇ ಎಂಬ ವಾದ. ಆದರೆ ಮುಂದಿನ ಟೈರು ಜಾರಿದರೆ ವೇಗ ಇಳಿಸಿ ಹಿಡಿತ ಮರಳಿ ಪಡೆಯಬಹುದು. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಸಂಭಾಳಿಸಬಲ್ಲವರು ಕಡಿಮೆ.

ಮಳೆಗಾಲದಲ್ಲಿ ಗಾಳಿ ಸ್ವಲ್ಪ ಇಳಿಸಿದರೆ ಹಿಡಿತ ಹೆಚ್ಚು ಎಂಬ ಸಲಹೆಯನ್ನು ಪಂಕ್ಚರ್ ಅಂಗಡಿಯಲ್ಲೂ ಕೇಳಿರುತ್ತೀರಿ. ಕೆಸರು ಗದ್ದೆಯಲ್ಲಿ ಅದು ಸರಿ. ಟಾರು ರಸ್ತೆಯಲ್ಲಿ ಉಲ್ಟಾ, ಗಾಳಿ ಕಡಿಮೆಯಾದಷ್ಟೂ ಟೈರು ನೀರಿನ ಮೇಲೆ ಬೇಗ ತೇಲುತ್ತದೆ. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಹಾಕಿಸಿ, ಟೈರು ತಣ್ಣಗಿರುವಾಗ. ಐದು ಜನ ಕೂತು ಡಿಕ್ಕಿ ತುಂಬ ಸಾಮಾನಿದ್ದರೆ ಅದೇ ಚೀಟಿಯಲ್ಲಿ ಹೆಚ್ಚು ಭಾರಕ್ಕೆ ಬೇರೆ ಅಂಕಿ ಇರುತ್ತದೆ.

ವೈಪರ್ ರಬ್ಬರು ಗೆರೆ ಬಿಡುತ್ತಿದ್ದರೆ ಬದಲಿಸಿ. ಖಾಲಿ ನೇರ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆದರೆ ಗ್ಯಾರೇಜಿಗೆ ಹೋಗಿ. ಒಣ ರಸ್ತೆಯಲ್ಲಿ ತುಸು ಎಳೆಯುವ ಕಾರು ಒದ್ದೆಯಲ್ಲಿ ಅಡ್ಡವೇ ನಿಲ್ಲಬಹುದು.

ರಸ್ತೆಯನ್ನು ಓದುವುದು

ಎಲ್ಲ ಒದ್ದೆಯೂ ಒಂದೇ ಅಲ್ಲ. ಜಡಿಮಳೆ ಎರಡು ದಿನ ಹೊಡೆದು ತೊಳೆದ ರಸ್ತೆಗಿಂತ, ವಾರದ ಬಿಸಿಲಿನ ನಂತರ ಬಿದ್ದ ಹತ್ತು ನಿಮಿಷದ ಹನಿಮಳೆ ಹೆಚ್ಚು ಅಪಾಯ. ದಿನಗಟ್ಟಲೆ ಸೋರಿದ ಆಯಿಲ್, ಟೈರಿನ ಪುಡಿ, ಧೂಳು ಎಲ್ಲ ಸೇರಿ ಮೊದಲ ನೀರಿಗೆ ನುಣುಪಾದ ಲೇಪವಾಗುತ್ತದೆ. ಮೇ ತಿಂಗಳ ಸಂಜೆ ಮಳೆಯಲ್ಲಿ ಬೆಂಗಳೂರಿನ ಫ್ಲೈಓವರ್‌ಗಳ ಮೇಲೆ ಬೈಕುಗಳು ಸಾಲಾಗಿ ಬೀಳುವುದು ಇದೇ ಕಾರಣಕ್ಕೆ. ಮಳೆ ಶುರುವಾದ ಮೊದಲ ಅರ್ಧ ಗಂಟೆ ನಿಮ್ಮ ಅವಸರವನ್ನು ಮರೆತುಬಿಡಿ. ಸಾಧ್ಯವಾದರೆ ಒಂದು ಚಹಾಕ್ಕೆ ನಿಲ್ಲಿ, ರಸ್ತೆ ತೊಳೆಯಲಿ.

ಘಾಟಿಯಲ್ಲಿ ಇದಕ್ಕಿಂತ ಕೆಟ್ಟದ್ದು ಡೀಸೆಲ್. ಟ್ಯಾಂಕ್ ತುಂಬಿಸಿಕೊಂಡ ಲಾರಿ, ಬಸ್ಸು ತಿರುವಿನಲ್ಲಿ ವಾಲಿದಾಗ ಮುಚ್ಚಳದ ಸಂದಿಯಿಂದ ಚೆಲ್ಲುತ್ತದೆ. ಚೆಲ್ಲುವುದು ತಿರುವಿನಲ್ಲೇ, ನಿಮಗೆ ಹಿಡಿತ ಬೇಕಾದದ್ದೂ ತಿರುವಿನಲ್ಲೇ. ಒದ್ದೆ ರಸ್ತೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಪಟ್ಟೆ ಕಂಡರೆ, ಕಿಟಕಿ ಸಂದಿಯಿಂದ ಡೀಸೆಲ್ ವಾಸನೆ ಬಂದರೆ ಅಲ್ಲಿ ನಡಿಗೆಯ ವೇಗವೇ ಸರಿ.

ಪಾಚಿಯದು ಇನ್ನೊಂದು ಕತೆ. ಬಿಸಿಲು ಬೀಳದ ಕಾಡಿನ ನಡುವಿನ ರಸ್ತೆಯಲ್ಲಿ ಚಕ್ರಗಳು ಓಡುವ ಎರಡು ಪಟ್ಟೆ ಬಿಟ್ಟು ಮಧ್ಯದಲ್ಲೂ ಅಂಚಿನಲ್ಲೂ ಹಸಿರು ಕಟ್ಟುತ್ತದೆ. ಬಸ್ಸಿಗೆ ದಾರಿ ಬಿಡಲು ಅಂಚಿಗೆ ಇಳಿದಾಗ ಎರಡು ಚಕ್ರ ಡಾಂಬರಿನಲ್ಲಿ, ಎರಡು ಪಾಚಿಯಲ್ಲಿ ಇರುತ್ತವೆ. ಆಗ ಬ್ರೇಕ್ ಒತ್ತಿದರೆ ಕಾರು ಹಿಡಿತವಿದ್ದ ಕಡೆಗೆ ತಿರುಗುತ್ತದೆ, ಅಂದರೆ ಬಸ್ಸಿನ ಕಡೆಗೇ. ಆದ್ದರಿಂದ ಅಂಚಿಗೆ ಇಳಿಯುವ ಮೊದಲೇ ವೇಗ ಇಳಿಸಿಕೊಂಡಿರಬೇಕು. ಪಾಚಿ ಕಟ್ಟಿದ ಅಂಗಳ ದಾಟುವ ಮಲೆನಾಡಿನ ಅಜ್ಜಿಯನ್ನು ನೋಡಿ. ಓಡುವುದಿಲ್ಲ, ತಟ್ಟನೆ ನಿಲ್ಲುವುದಿಲ್ಲ, ಗಕ್ಕನೆ ತಿರುಗುವುದೂ ಇಲ್ಲ. ಚಾಲನೆಗೂ ಬೇಕಾದದ್ದು ಆ ನಡಿಗೆಯೇ.

ತೋಟದಿಂದ ಬರುವ ಟ್ರ್ಯಾಕ್ಟರ್ ಬಿಟ್ಟ ಕೆಮ್ಮಣ್ಣು, ಗುಡ್ಡದಿಂದ ತೊಳೆದು ಬಂದ ಮಣ್ಣು, ಕೊಳೆತ ಎಲೆಗಳ ಹಾಸು, ಸೇತುವೆಯ ಕಬ್ಬಿಣದ ಜೋಡಣೆ, ರೈಲ್ವೆ ಗೇಟಿನ ಹಳಿ, ರಸ್ತೆಗೆ ಬಳಿದ ಬಿಳಿ ಬಣ್ಣ ಇವೆಲ್ಲ ಸುತ್ತಲಿನ ರಸ್ತೆಗಿಂತ ನುಣುಪು. ಇವುಗಳ ಮೇಲೆ ನೇರವಾಗಿ ದಾಟಿ, ಬ್ರೇಕೂ ಬೇಡ, ತಿರುವೂ ಬೇಡ. ಶಿರಾಡಿಯಂತೆ ಕಾಂಕ್ರೀಟ್ ಆದ ರಸ್ತೆಯಲ್ಲಿ ಗುಂಡಿಯ ಕಾಟ ಕಡಿಮೆ ಎಂದು ವೇಗ ತಾನಾಗಿ ಏರುತ್ತದೆ. ಗುಂಡಿಯಿಲ್ಲದ ಮಾತ್ರಕ್ಕೆ ಹಿಡಿತ ಇದೆ ಎಂದಲ್ಲ.

ಇಳಿಯುವಾಗ, ಹೆಜ್ಜೆ ಹೆಜ್ಜೆಯಾಗಿ

ಘಾಟಿಯ ತಲೆಯಲ್ಲೇ ಗೇರು ಇಳಿಸಿ. ಹಳಬರು ಹೇಳುವ ಲೆಕ್ಕ ಈಗಲೂ ಸರಿ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಸಾಮಾನ್ಯ ಇಳಿಜಾರಿಗೆ ಮೂರನೆಯದು, ಹೇರ್‌ಪಿನ್ ತಿರುವುಗಳ ಸಾಲಿಗೆ ಎರಡನೆಯದು. ಎಂಜಿನ್ ತಾನೇ ಕಾರನ್ನು ತಡೆದು ಹಿಡಿಯುತ್ತದೆ, ಬ್ರೇಕ್ ಬಿಸಿಯಾಗುವುದಿಲ್ಲ, ಚಕ್ರ ತಿರುಗದೆ ಲಾಕ್ ಆಗುವ ಭಯ ಕಡಿಮೆ. ಆಟೊಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರಿಗೆ ಕಟ್ಟಿಹಾಕುವ ಸೌಕರ್ಯ ಇರುತ್ತದೆ. ಮ್ಯಾನುವಲ್ ಮೋಡ್ ಅಥವಾ 'ಎಲ್' ಸ್ಥಾನ ಎಲ್ಲಿದೆ ಎಂದು ಮನೆಯಲ್ಲೇ ನೋಡಿಕೊಳ್ಳಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವ ಚಟ ಇನ್ನೂ ಹೋಗಿಲ್ಲ. ಇಂದಿನ ಕಾರುಗಳಲ್ಲಿ ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟರೆ ಇಂಧನ ಬಹುಪಾಲು ನಿಂತೇ ಹೋಗುತ್ತದೆ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲು ಇಂಧನ ಬೇಕೇ ಬೇಕು. ಉಳಿತಾಯದ ಲೆಕ್ಕದಲ್ಲೂ ಅದು ನಷ್ಟವೇ.

ಗೇರು ಇಳಿಸುವಾಗ ಕ್ಲಚ್ಚನ್ನು ಧಡಕ್ಕನೆ ಬಿಡಬೇಡಿ. ಬೊಲೆರೊ, ಈಕೊ, ಹಳೆಯ ಇನ್ನೋವಾದಂಥ ಹಿಂದಿನ ಚಕ್ರದಿಂದ ಓಡುವ ವಾಹನಗಳಲ್ಲಿ ಇದು ಮುಖ್ಯ. ಎಂಜಿನ್ನಿನ ತಡೆ ಒಮ್ಮೆಲೇ ಹಿಂದಿನ ಚಕ್ರಕ್ಕೆ ಬಿದ್ದು ಹಿಂಭಾಗ ಜಾರುತ್ತದೆ.

ಈಗ ತಿರುವು. ತಿರುವು ಕಾಣುತ್ತಲೇ, ಸ್ಟೀರಿಂಗ್ ಇನ್ನೂ ನೇರ ಇರುವಾಗಲೇ ಬ್ರೇಕ್ ಒತ್ತಿ. ಮೊದಲು ಮೆಲ್ಲಗೆ, ಹಿಡಿತ ಸಿಕ್ಕಿದ್ದು ಗೊತ್ತಾದ ಮೇಲೆ ಗಟ್ಟಿಯಾಗಿ, ತಿರುವಿನ ಬಾಯಿಗೆ ಬರುವಾಗ ಮತ್ತೆ ಸಡಿಲ. ಬೇಕಾದ ಗೇರು ಅಷ್ಟರೊಳಗೆ ಬಿದ್ದಿರಬೇಕು. ಆಮೇಲೆ ಬ್ರೇಕ್ ಬಿಟ್ಟು ಸ್ಟೀರಿಂಗ್ ತಿರುಗಿಸಿ, ಒಂದೇ ಹದದಲ್ಲಿ. ತಿರುವಿನ ಕೊನೆ ಕಂಡ ಮೇಲೆ ಸ್ಟೀರಿಂಗ್ ನೇರವಾಗುತ್ತಿದ್ದಂತೆ ನಿಧಾನವಾಗಿ ಆಕ್ಸಲರೇಟರ್. ಒಂದು ಸಲಕ್ಕೆ ಒಂದೇ ಕೆಲಸ.

ಎಷ್ಟು ವೇಗಕ್ಕೆ ಇಳಿಸಬೇಕು? 15 ಮೀಟರ್ ತ್ರಿಜ್ಯದ ಬಿಗಿ ತಿರುವಿಗೆ ಮೇಲಿನ ಘರ್ಷಣೆಯ ಅಂಕಿಗಳನ್ನೇ ಹಾಕಿ ನೋಡಿದರೆ, ಒಣ ರಸ್ತೆಯಲ್ಲಿ ಕಾರು ಹೊರಗೆ ಜಾರುವ ಗಡಿ ಸುಮಾರು 36 ಕಿ.ಮೀ. ವೇಗ, ಒದ್ದೆಯಲ್ಲಿ 27. ಘರ್ಷಣಾಂಕ 0.2ಕ್ಕೆ ಇಳಿಯುವಷ್ಟು ಡೀಸೆಲ್ ಚೆಲ್ಲಿದ್ದರೆ 19. ಇವು ಜಾರುವ ಗಡಿ, ಓಡಿಸುವ ವೇಗವಲ್ಲ. ಆಗುಂಬೆಯ ತಿರುವುಗಳಲ್ಲಿ 15ರಿಂದ 20ರಲ್ಲಿ ಹೋಗುವ ಸ್ಥಳೀಯ ಚಾಲಕರಿಗೆ ಈ ಸೂತ್ರ ಗೊತ್ತಿರಲಿಕ್ಕಿಲ್ಲ, ಅನುಭವ ಅವರನ್ನು ಅದೇ ಅಂಕಿಗೆ ತಂದು ನಿಲ್ಲಿಸಿದೆ. ಹಿಂದಿನಿಂದ ಹಾರ್ನ್ ಹೊಡೆಯುವವರು ಹೊಡೆಯಲಿ. ಜಾಗ ಸಿಕ್ಕಲ್ಲಿ ಎಡಕ್ಕೆ ನಿಂತು ಅವರನ್ನು ಕಳಿಸಿಬಿಟ್ಟರೆ ನಿಮ್ಮ ತಲೆಬಿಸಿ ಇಳಿಯಿತು.

ತಿರುವಿನೊಳಗೆ ಹೋದ ಮೇಲೆ ವೇಗ ಹೆಚ್ಚಾಯಿತು ಅನ್ನಿಸಿದರೆ? ಆಕ್ಸಲರೇಟರ್ ಮೆಲ್ಲಗೆ ಬಿಡಿ, ತಿರುಗುವ ಕಡೆಗೇ ನೋಡುತ್ತಿರಿ. ಹೊರಗಿನ ಪ್ರಪಾತವನ್ನೋ ಗೋಡೆಯನ್ನೋ ದಿಟ್ಟಿಸಿದರೆ ಕೈ ಕೂಡ ಅತ್ತಲೇ ಎಳೆಯುತ್ತದೆ.

ಹತ್ತುವಾಗಿನ ತೊಂದರೆ ಬೇರೆ. ಹೇರ್‌ಪಿನ್ನಿನ ಒಳ ಅಂಚು ತೀರಾ ಕಡಿದಾಗಿದ್ದು ಒಳಗಿನ ಚಕ್ರ ಸುಮ್ಮನೆ ಗಿರಗಿರ ತಿರುಗತೊಡಗುತ್ತದೆ. ಆಗ ಇನ್ನಷ್ಟು ರೇಸ್ ಮಾಡುವುದರಿಂದ ಪ್ರಯೋಜನವಿಲ್ಲ. ತುಸು ಬಿಟ್ಟು, ಎದುರಿನಿಂದ ವಾಹನವಿಲ್ಲದಿದ್ದರೆ ಸ್ವಲ್ಪ ಅಗಲವಾಗಿ ತಿರುಗಿಸಿ. ಕಿರಿದಾದ ಜಾಗದಲ್ಲಿ ಎದುರುಬದುರಾದರೆ ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮ. ಒದ್ದೆ ಏರಿನಲ್ಲಿ ಒಮ್ಮೆ ನಿಂತ ಕಾರನ್ನು ಮತ್ತೆ ಎಬ್ಬಿಸುವ ಕಷ್ಟ ಗೊತ್ತಿದ್ದವರಿಗೆ ಈ ನಿಯಮದ ಬೆಲೆ ಗೊತ್ತು.

ಮಂಜು, ದೀಪ, ಮುಂದಿನ ಬಸ್ಸು

ಮುಂದಿನ ವಾಹನ ಒಂದು ಮರ ದಾಟಿದ ಕ್ಷಣದಿಂದ ಎಣಿಸಿ, ನೀವು ಆ ಮರಕ್ಕೆ ಬರುವಾಗ ಕನಿಷ್ಠ ನಾಲ್ಕು ಸೆಕೆಂಡ್ ಆಗಿರಬೇಕು. ಬಸ್ಸಿನ ಬೆನ್ನಿಗೆ ಅಂಟಿಕೊಂಡರೆ ಅದು ಎರಚುವ ಕೆಸರುನೀರಿನಲ್ಲಿ ರಸ್ತೆಯೇ ಕಾಣದು.

ಮಳೆ ಜೋರಾದ ಕೂಡಲೇ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವುದು ಈಗ ಪಿಡುಗಾಗಿಬಿಟ್ಟಿದೆ. ನಿಮ್ಮ ಹಿಂದಿನವರಿಗೆ ನೀವು ನಿಂತಿದ್ದೀರೋ, ಬಲಕ್ಕೆ ಹೊರಟಿರೋ ತಿಳಿಯುವುದಿಲ್ಲ. ಆ ದೀಪ ನಿಂತ ವಾಹನಕ್ಕೆ. ಓಡುವಾಗ ಲೋ ಬೀಮ್ ಹೆಡ್‌ಲೈಟ್, ಇದ್ದರೆ ಫಾಗ್ ಲ್ಯಾಂಪ್ ಸಾಕು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನಿಮ್ಮ ಕಣ್ಣಿಗೇ ತಿರುಗಿ ಬಡಿಯುತ್ತದೆ. ಗಾಜಿನ ಒಳಗೆ ಆವಿ ಕಟ್ಟಿದರೆ ಎ.ಸಿ. ಹಾಕಿ, ಹೊರಗಿನ ಗಾಳಿ ಬರುವಂತೆ ತಿರುಗಿಸಿ, ಗಾಳಿಯನ್ನು ಗಾಜಿನ ಕಡೆಗೆ ಬಿಡಿ. ಬಟ್ಟೆಯಿಂದ ಒರೆಸುತ್ತ ಒಂದು ಕೈಯಲ್ಲಿ ತಿರುವು ತೆಗೆಯುವ ಸಾಹಸ ಬೇಡ.

ಘಾಟಿ ಮುಗಿದ ಮೇಲಿನ ನೇರ ರಸ್ತೆ

ಘಾಟಿ ಇಳಿದಾಯಿತು ಎಂಬ ನೆಮ್ಮದಿಯಲ್ಲಿ ಕಾಲು ಒತ್ತುವುದು ಸಹಜ. ಅಗಲ ಹೆದ್ದಾರಿಯ ಅಪಾಯ ಬೇರೆ ಬಗೆಯದು: ನಿಂತ ನೀರಿನ ಮೇಲೆ ಟೈರು ತೇಲುವುದು. 1960ರ ದಶಕದಲ್ಲಿ ನಾಸಾದ ಸಂಶೋಧಕರು ವಿಮಾನದ ಚಕ್ರಗಳ ಮೇಲೆ ಮಾಡಿದ ಪ್ರಯೋಗಗಳಿಂದ ಇದಕ್ಕೊಂದು ಸರಳ ಸೂತ್ರ ಬಂತು. ತೇಲುವ ವೇಗ ಟೈರಿನ ಗಾಳಿಯ ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ. ಅದರ ಪ್ರಕಾರ 32 ಪಿಎಸ್‌ಐ ಗಾಳಿಯ ಟೈರು ಸುಮಾರು 94 ಕಿ.ಮೀ. ವೇಗದಲ್ಲಿ ತೇಲಿದರೆ, 25 ಪಿಎಸ್‌ಐ ಇರುವುದು 83ರಲ್ಲೇ ತೇಲುತ್ತದೆ. ಕಾರಿನ ಟೈರಿಗೆ ಇದು ಅಂದಾಜು ಅಷ್ಟೇ, ಸವೆದ ಟೈರು ಇನ್ನೂ ಮೊದಲೇ ತೇಲಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ 100ರ ಮಿತಿ ಇದೆಯೆಂದು ಸುರಿಮಳೆಯಲ್ಲೂ 100 ಓಡಿಸುವವರು ಈ ಅಂಕಿ ನೆನಪಿಟ್ಟುಕೊಳ್ಳಬೇಕು. ಸುರಿಯುವ ಮಳೆಗೆ 60–70 ಸಾಕು. ಕ್ರೂಸ್ ಕಂಟ್ರೋಲ್ ಬಂದ್ ಮಾಡಿ.

ತೇಲುವಾಗ ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಎಂಜಿನ್ ಸದ್ದು ಏರುತ್ತದೆ. ಆಕ್ಸಲರೇಟರ್ ಮೆಲ್ಲಗೆ ಬಿಡಿ, ಸ್ಟೀರಿಂಗ್ ನೇರ ಹಿಡಿದುಕೊಳ್ಳಿ, ಬ್ರೇಕ್ ಮುಟ್ಟಬೇಡಿ. ಒಂದೆರಡು ಸೆಕೆಂಡಿನಲ್ಲಿ ಟೈರು ನೆಲ ಕಚ್ಚುತ್ತದೆ. ಆ ಹೊತ್ತಿಗೆ ಸ್ಟೀರಿಂಗ್ ಓರೆಯಾಗಿದ್ದರೆ ಕಾರು ಅತ್ತ ಚಂಗನೆ ಹಾರುತ್ತದೆ.

ಹರಿಯುವ ನೀರು ರಸ್ತೆ ದಾಟುತ್ತಿದ್ದರೆ ಲೆಕ್ಕಾಚಾರವೇ ಬೇಡ, ತಿರುಗಿ ಹೋಗಿ. ಒಂದಡಿ ಹರಿವ ನೀರು ಸಣ್ಣ ಕಾರನ್ನು ಎತ್ತಬಲ್ಲದು. ನಿಂತ ನೀರಿನಲ್ಲಿ ದಾಟಿ ಬಂದ ಮೇಲೆ ಬ್ರೇಕನ್ನು ಹಗುರಾಗಿ ನಾಲ್ಕಾರು ಸಲ ಒತ್ತಿ ಒಣಗಿಸಿಕೊಳ್ಳಿ.

ಜಾರಿಯೇ ಬಿಟ್ಟರೆ

ಮುಂದಿನ ಚಕ್ರ ಜಾರಿದರೆ ಸ್ಟೀರಿಂಗ್ ತಿರುಗಿಸಿದರೂ ಕಾರು ನೇರ ಹೊರಟಿರುತ್ತದೆ. ಮಾರುತಿ, ಹ್ಯುಂಡೈ ಸಣ್ಣ ಕಾರುಗಳು ಹೆಚ್ಚಾಗಿ ಜಾರುವುದು ಹೀಗೆ. ಇನ್ನಷ್ಟು ತಿರುಗಿಸಬೇಕು ಅನ್ನಿಸುತ್ತದೆ, ಅದೇ ತಪ್ಪು. ಆಕ್ಸಲರೇಟರ್ ಬಿಟ್ಟು, ಸ್ಟೀರಿಂಗನ್ನು ತುಸು ಹಿಂದಕ್ಕೆ ಸಡಿಲಿಸಿ. ಹಿಡಿತ ಬಂದದ್ದು ಕೈಗೆ ಗೊತ್ತಾಗುತ್ತದೆ, ಆಗ ಮತ್ತೆ ತಿರುಗಿಸಿ.

ಹಿಂಭಾಗ ಜಾರಿದರೆ, ಹಿಂಭಾಗ ಯಾವ ಕಡೆ ಹೋಯಿತೋ ಅದೇ ಕಡೆಗೆ ಸ್ಟೀರಿಂಗ್ ತಿರುಗಿಸಿ. ಬಾಲ ಬಲಕ್ಕೆ ಹೋದರೆ ಸ್ಟೀರಿಂಗ್ ಬಲಕ್ಕೆ. ಇದನ್ನು ನೆನಪಿಡುವುದಕ್ಕಿಂತ, ಹೋಗಬೇಕಾದ ದಾರಿಯನ್ನೇ ದಿಟ್ಟಿಸಿ ಮುಂದಿನ ಚಕ್ರಗಳನ್ನು ಅತ್ತ ತೋರಿಸಿದರೆ ಕೈ ತಾನೇ ಸರಿಯಾಗಿ ತಿರುಗುತ್ತದೆ. ಕಾರು ಸರಿಯಾಗತೊಡಗಿದ ಕೂಡಲೇ ಸ್ಟೀರಿಂಗನ್ನೂ ಬೇಗ ನೇರ ಮಾಡಿ, ಇಲ್ಲವಾದರೆ ಬಾಲ ಎದುರು ದಿಕ್ಕಿಗೆ ಇನ್ನೂ ಜೋರಾಗಿ ಬೀಸುತ್ತದೆ. ಹ್ಯಾಂಡ್ ಬ್ರೇಕಿನ ಸುದ್ದಿಗೆ ಹೋಗಬೇಡಿ.

ಬ್ರೇಕ್ ಹಾಕಲೇಬೇಕಾಗಿ ಬಂದಾಗ, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ಬ್ರೇಕ್ ವ್ಯವಸ್ಥೆ) ಇದ್ದರೆ ಬಲವಾಗಿ ಒತ್ತಿ, ಒತ್ತಿಯೇ ಹಿಡಿಯಿರಿ, ಜೊತೆಗೆ ಸ್ಟೀರಿಂಗ್ ತಿರುಗಿಸಿ ಅಡ್ಡಿಯನ್ನು ತಪ್ಪಿಸಿಕೊಳ್ಳಿ. ಏಪ್ರಿಲ್ 2019ರಿಂದ ಭಾರತದಲ್ಲಿ ಮಾರಾಟವಾಗುವ ಕಾರುಗಳಿಗೆ ಎಬಿಎಸ್ ಕಡ್ಡಾಯ. ಪೆಡಲು ಕಾಲಿನಡಿ ಕಟಕಟ ಎಂದು ಒದೆಯತೊಡಗಿದಾಗ ಎಷ್ಟೋ ಮಂದಿ ಏನೋ ಮುರಿಯಿತೆಂದು ಹೆದರಿ ಕಾಲು ತೆಗೆಯುತ್ತಾರೆ. ಆ ಒದೆತವೇ ಎಬಿಎಸ್ ಕೆಲಸ ಮಾಡುವ ಗುರುತು. ಮಳೆ ಬಿದ್ದ ಖಾಲಿ ನೇರ ರಸ್ತೆಯಲ್ಲೋ ಮೈದಾನದಲ್ಲೋ, ಹಿಂದೆ ಮುಂದೆ ಯಾರೂ ಇಲ್ಲದಾಗ, 30 ಕಿ.ಮೀ. ವೇಗದಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿ ಅದನ್ನು ಕಾಲಿಗೆ ಪರಿಚಯ ಮಾಡಿಸಿಡಿ. ಎಬಿಎಸ್ ಇಲ್ಲದ ಹಳೆಯ ಕಾರಿನಲ್ಲಿ ಚಕ್ರ ಲಾಕ್ ಆದದ್ದು ಗೊತ್ತಾದ ತಕ್ಷಣ ಬ್ರೇಕ್ ಬಿಟ್ಟು, ಮತ್ತೆ ಒತ್ತಿ, ಮತ್ತೆ ಬಿಟ್ಟು ಮುಂದುವರಿಯಬೇಕು. ಎಬಿಎಸ್ ನಿಮಗೆ ಸ್ಟೀರಿಂಗ್ ಉಳಿಸಿಕೊಡುತ್ತದೆ, ಇಲ್ಲದ ಹಿಡಿತವನ್ನು ಹುಟ್ಟಿಸುವುದಿಲ್ಲ. ಇಎಸ್‌ಪಿ (ಕಾರು ಅಡ್ಡ ಜಾರದಂತೆ ತಾನೇ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಅದನ್ನು ಆಫ್ ಮಾಡುವ ಗುಂಡಿಯ ಹತ್ತಿರ ಕೈ ಹೋಗದಿರಲಿ.

ಕಾರು ಚರಂಡಿಗೆ ಇಳಿದು ನಿಂತರೆ, ಮೊದಲು ನಾಲ್ಕೂ ಇಂಡಿಕೇಟರ್ ಹಾಕಿ. ಅದಕ್ಕೆ ಇದೇ ಹೊತ್ತು. ಎಲ್ಲರನ್ನೂ ಇಳಿಸಿ ರಸ್ತೆಯಿಂದ ದೂರ, ತಡೆಗೋಡೆಯಿಂದಾಚೆ ಗಟ್ಟಿ ನೆಲವಿದ್ದರೆ ಅಲ್ಲಿ ನಿಲ್ಲಿಸಿ. ಮಣ್ಣು ಜಾರುತ್ತಿರುವ ಗುಡ್ಡದ ಬುಡದಲ್ಲಿ ಬೇಡ. ಆಗಸ್ಟ್ 2018ರಲ್ಲಿ ಸಂಪಾಜೆ ದಾರಿಯ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ಏನಾಯಿತೆಂದು ಕೊಡಗಿನವರನ್ನು ಕೇಳಿದರೆ ಹೇಳುತ್ತಾರೆ. ಕೆಂಪು ತ್ರಿಕೋನವನ್ನು ಕಾರಿನ ಹತ್ತಿರವೇ ಇಡದೆ, ಹಿಂದಿನಿಂದ ಬರುವವರಿಗೆ ತಿರುವಿಗೆ ಮೊದಲೇ ಕಾಣುವಂತೆ ಇಡಿ, ಏಕೆಂದರೆ ನೀವು ಜಾರಿದ ಅದೇ ಡೀಸೆಲ್ ಅವರನ್ನೂ ಕಾಯುತ್ತಿರುತ್ತದೆ. ನೆರವಿಗೆ ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ, ಬೇರೆಡೆ 112ಕ್ಕೆ ಫೋನ್ ಮಾಡಿ. ಸಿಗ್ನಲ್ ಸಿಗದ ಜಾಗವಾದರೆ ಮುಂದೆ ಹೋಗುವ ಬಸ್ಸಿನ ಕಂಡಕ್ಟರಿಗೆ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ ಕಳಿಸಿ.